ವೀಸಾ ಫೋಟೋ: ಬೀದಿಯ ಸ್ಟುಡಿಯೋನಾ, ಮನೆಯ ಮೊಬೈಲಾ, ವೀಸಾ ಸೆಂಟರಾ?

ವೀಸಾಕ್ಕೆ ಅರ್ಜಿ ಹಾಕುವವರು ಬ್ಯಾಂಕ್ ಸ್ಟೇಟ್‌ಮೆಂಟು, ಆಫೀಸಿನ ರಜೆ ಪತ್ರ, ಹೋಟೆಲ್ ಬುಕಿಂಗು ಅಂತ ವಾರಗಟ್ಟಲೆ ಓಡಾಡಿರುತ್ತಾರೆ. ಫೋಟೋ ಮಾತ್ರ ಹಿಂದಿನ ದಿನ ಸಂಜೆ ನೆನಪಾಗುತ್ತದೆ. ಆಗ ಶುರುವಾಗುತ್ತದೆ ಗೊಂದಲ. ಮೂಲೆಯ ಸ್ಟುಡಿಯೋಗೆ ಹೋಗೋದಾ? ಮಗಳ ಫೋನಿನಲ್ಲೇ ತೆಗೆದು ಆ್ಯಪ್‌ನಲ್ಲಿ ಸರಿ ಮಾಡೋದಾ? ನಾಳೆ ಹೇಗೂ ವೀಸಾ ಸೆಂಟರ್‌ಗೆ ಹೋಗ್ತೀವಲ್ಲ, ಅಲ್ಲೇ ತೆಗೆಸಿದರೆ ಆಗಲ್ವಾ? ಪರ್ಸಿನಲ್ಲಿ ಹಳೆ ಪಾಸ್‌ಪೋರ್ಟ್ ಸೈಜ್ ಫೋಟೋ ನಾಲ್ಕು ಇವೆ, ಅವು ಸಾಲಲ್ವಾ?

ಕೊನೆಯ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ. ಸಾಲಲ್ಲ. ಅಮೆರಿಕ, ಷೆಂಗೆನ್ ದೇಶಗಳು (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳು), ಕೆನಡಾ, ಚೀನಾ, ಎಲ್ಲರೂ ಕೇಳುವುದು ಕಳೆದ 6 ತಿಂಗಳೊಳಗೆ ತೆಗೆದ ಫೋಟೋ. ಹಳೆಯದನ್ನು ಕೊಟ್ಟರೆ ಅವರಿಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳುವವರಿದ್ದಾರೆ. ನಿಮ್ಮ ಪಾಸ್‌ಪೋರ್ಟಿನಲ್ಲಿ ಹಿಂದಿನ ವೀಸಾ ಇದ್ದು, ಅದರಲ್ಲೂ ಅದೇ ಗೀರು ಶರ್ಟು, ಅದೇ ಕ್ರಾಪು ಇದ್ದರೆ ಕೌಂಟರಿನವರು ಪುಟ ತಿರುಗಿಸುವಾಗಲೇ ಗೊತ್ತಾಗುತ್ತದೆ. ಹಳೆ ಫೋಟೋಗಳನ್ನು ಬ್ಯಾಂಕಿನ ಫಾರ್ಮಿಗೆ ಇಟ್ಟುಕೊಳ್ಳಿ.

ಉಳಿದ ದಾರಿಗಳಲ್ಲಿ ಯಾವುದು ನಿಮಗೆ ಸರಿ ಅಂತ ನೋಡುವ ಮೊದಲು, ಯಾವ ತಕ್ಕಡಿಯಲ್ಲಿ ತೂಗಬೇಕು ಅನ್ನುವುದು ಗೊತ್ತಿರಬೇಕು.

ಮೊದಲು ಕೇಳಬೇಕಾದದ್ದು: ಫೈಲಾ, ಕಾಗದವಾ?

ಎಲ್ಲರೂ ಸೈಜು ಕೇಳುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದ್ದು ಇದು: ನೀವು ಹೋಗುವ ದೇಶಕ್ಕೆ ಬೇಕಾಗಿರುವುದು ಕಂಪ್ಯೂಟರಿಗೆ ಏರಿಸುವ ಫೈಲಾ, ಕೈಗೆ ಕೊಡುವ ಮುದ್ರಿತ ಫೋಟೋನಾ, ಎರಡೂನಾ, ಅಥವಾ ಎರಡೂ ಬೇಡವಾ?

ಅಮೆರಿಕದ್ದು ಮುಖ್ಯವಾಗಿ ಫೈಲಿನ ವ್ಯವಹಾರ. ಡಿಎಸ್-160 ಅನ್ನುವ ಆನ್‌ಲೈನ್ ವೀಸಾ ಅರ್ಜಿ ತುಂಬುವಾಗಲೇ ಫೋಟೋ ಅಪ್‌ಲೋಡ್ ಮಾಡಬೇಕು. ಚೌಕಾಕಾರದ ಜೆಪೆಗ್ ಫೈಲ್, ಕನಿಷ್ಠ 600×600 ಪಿಕ್ಸೆಲ್, ಗರಿಷ್ಠ 1200×1200, ತೂಕ 240 ಕೆಬಿ ಮೀರಬಾರದು. ಅಪ್‌ಲೋಡ್ ಕೈಕೊಟ್ಟರೆ ಕನ್ಫರ್ಮೇಷನ್ ಪುಟದಲ್ಲಿ ಫೋಟೋ ಇರಬೇಕಾದ ಚೌಕದಲ್ಲಿ ಗುಣಿಸು ಗುರುತು ಕಾಣುತ್ತದೆ. ಆಗ 2×2 ಇಂಚಿನ ಮುದ್ರಿತ ಫೋಟೋ ಒಯ್ಯಬೇಕು. ಬೆರಳಚ್ಚು ಕೊಡಲು ಹೋದಾಗ ಅಲ್ಲೂ ಒಂದು ಫೋಟೋ ತೆಗೆಯುತ್ತಾರೆ ನಿಜ. ಹಾಗಂತ ಅಪ್‌ಲೋಡ್ ತಪ್ಪುವುದಿಲ್ಲ.

ಷೆಂಗೆನ್ ವೀಸಾಕ್ಕೆ ಕಾಗದ ಬೇಕು. 35×45 ಮಿಲಿಮೀಟರ್ ಫೋಟೋವನ್ನು ಅರ್ಜಿಯ ಮೂಲೆಯ ಚೌಕದಲ್ಲಿ ಅಂಟಿಸಿ ಕೊಡಬೇಕು. ಅದನ್ನು ಅವರು ಸ್ಕ್ಯಾನ್ ಮಾಡಿಕೊಳ್ಳುತ್ತಾರೆ. ಹಾಗಾಗಿ ಮುದ್ರಣ ಮಬ್ಬಾಗಿದ್ದರೆ, ಫೋಟೋ ಮೇಲೆ ಗೀರು ಬಿದ್ದಿದ್ದರೆ ಕಷ್ಟ.

ಬ್ರಿಟನ್‌ನದು ಎಲ್ಲಕ್ಕಿಂತ ಆರಾಮು. ಭಾರತದಿಂದ ಪ್ರವಾಸಿ ವೀಸಾಕ್ಕೆ ಹೋಗುವವರ ಮುಖವನ್ನು ಬೆರಳಚ್ಚಿನ ಜೊತೆಗೆ ಸೆಂಟರಿನಲ್ಲೇ ಸೆರೆಹಿಡಿಯುತ್ತಾರೆ. ಸಾಮಾನ್ಯವಾಗಿ ನೀವು ಫೋಟೋ ಒಯ್ಯುವ ಅಗತ್ಯವೇ ಇಲ್ಲ. ಆದರೂ ಜನ ಸುಮ್ನೆ ಎಂಟು ಕಾಪಿ ಮಾಡಿಸಿಕೊಂಡು ಹೋಗುತ್ತಾರೆ. ಕೆನಡಾದಲ್ಲಿ ಹಾಗಲ್ಲ. ಬಯೋಮೆಟ್ರಿಕ್ಸ್ ವೇಳೆ, ಅಂದರೆ ಬೆರಳಚ್ಚು ಕೊಡುವಾಗ, ಅವರೂ ತೆಗೆಯುತ್ತಾರೆ, ಆದರೆ ಆನ್‌ಲೈನ್ ಅರ್ಜಿಯಲ್ಲಿ ನೀವೂ ಒಂದು ಫೋಟೋ ಏರಿಸಬೇಕು.

ಕಾಗದದ ಅಳತೆ ಬೇರೆ, ಮುಖದ ಅಳತೆ ಬೇರೆ

ಕಾಗದವನ್ನು ಸರಿಯಾಗಿ ಕತ್ತರಿಸಿದ ಮಾತ್ರಕ್ಕೆ ಫೋಟೋ ಸರಿ ಆಗಲಿಲ್ಲ. ಅದರೊಳಗೆ ತಲೆ ಎಷ್ಟು ದೊಡ್ಡದಿದೆ ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದ ಫೋಟೋದಲ್ಲಿ ಗಲ್ಲದ ತುದಿಯಿಂದ ತಲೆಯ ಮೇಲ್ತುದಿಯವರೆಗೆ, ಕೂದಲೂ ಸೇರಿ, 25ರಿಂದ 35 ಮಿಲಿಮೀಟರ್ ಇರಬೇಕು. ಅಂದರೆ ಫೋಟೋದ ಎತ್ತರದ ಅರ್ಧದಿಂದ ಶೇ. 69ರವರೆಗೆ. ಷೆಂಗೆನ್‌ನಲ್ಲಿ ಮುಖ ಶೇ. 70ರಿಂದ 80 ತುಂಬಬೇಕು, ಸುಮಾರು 32ರಿಂದ 36 ಮಿಲಿಮೀಟರ್. ಕೆನಡಾದ ವಿಸಿಟರ್ ವೀಸಾಕ್ಕೆ 31ರಿಂದ 36. ಚೀನಾ ಕೇಳುವುದು 33×48 ಮಿಲಿಮೀಟರ್ ಕಾಗದ, ತಲೆ 28ರಿಂದ 33.

ಇದರಿಂದ ಒಂದು ಸಂಗತಿ ಗೊತ್ತಾಗುತ್ತದೆ. ಅಮೆರಿಕದ ಫೋಟೋದಲ್ಲಿ ಮುಖದ ಸುತ್ತ ಜಾಗ ಜಾಸ್ತಿ, ಯುರೋಪಿನದರಲ್ಲಿ ಮುಖವೇ ಜಾಸ್ತಿ. ಒಂದು ದೇಶಕ್ಕೆ ಕತ್ತರಿಸಿದ ಪ್ರಿಂಟನ್ನು ಇನ್ನೊಂದಕ್ಕೆ ಮತ್ತೆ ಕತ್ತರಿಸಿ ಹೊಂದಿಸಲು ಆಗುವುದಿಲ್ಲ. ಆದರೆ ಭುಜ, ಎದೆ, ತಲೆಯ ಮೇಲೆ ಖಾಲಿ ಜಾಗ ಎಲ್ಲ ಸೇರಿಸಿ ಅಗಲವಾಗಿ ತೆಗೆದ ಮೂಲ ಫೈಲ್ ಕೈಯಲ್ಲಿದ್ದರೆ ಅದರಿಂದ ಎಲ್ಲ ದೇಶದ್ದನ್ನೂ ಕತ್ತರಿಸಬಹುದು. ಎಲ್ಲೇ ತೆಗೆಸಿ, ಮೂಲ ಫೈಲ್ ಬಿಟ್ಟು ಬರಬೇಡಿ.

ಮೂರನೆಯ ತಕ್ಕಡಿ ತಿದ್ದುಪಡಿ. ಮುಖಕ್ಕೆ ನಯ, ಬಣ್ಣಕ್ಕೆ ಬೆಳಕು, ಫಿಲ್ಟರ್, ಯಾವುದೂ ಇರಬಾರದು. ನಾಲ್ಕನೆಯದು, ಕುರ್ಚಿಯಲ್ಲಿ ಕೂರುವವರು ಯಾರು. ಆರು ತಿಂಗಳ ಮಗುವಿಗೂ ಮಂಡಿನೋವಿನ ಅಜ್ಜಿಗೂ ಒಂದೇ ದಾರಿ ಹೊಂದುವುದಿಲ್ಲ. ಐದನೆಯದು, ತಪ್ಪಾದರೆ ಮತ್ತೆ ತೆಗೆಸಲು ಎಷ್ಟು ಸಮಯ ಇದೆ. ದುಡ್ಡನ್ನು ಕೊನೆಗೆ ಇಟ್ಟಿದ್ದೇನೆ. ವೀಸಾ ಶುಲ್ಕ, ವಿಮಾನದ ಟಿಕೆಟ್ ಮುಂದೆ ಫೋಟೋದ ಖರ್ಚು ಯಾವ ಲೆಕ್ಕ?

ಬೀದಿಯ ಸ್ಟುಡಿಯೋ

ನನ್ನ ಮತ ಕೇಳಿದರೆ ಹೆಚ್ಚಿನವರಿಗೆ ಇದೇ ಸರಿ. ಎರಡು ಬದಿಗೆ ಛತ್ರಿ ಲೈಟು, ಹಿಂದೆ ಬಿಳಿ ಪರದೆ, ಸರಿಯಾದ ಲೆನ್ಸು. ಮುಖದ ಮೇಲೆ, ಹಿಂದಿನ ಪರದೆಯ ಮೇಲೆ ನೆರಳು ಬೀಳದಂತೆ ಮಾಡುವುದು ಮನೆಯಲ್ಲಿ ಕಷ್ಟ, ಅಲ್ಲಿ ಅದು ದಿನನಿತ್ಯದ ಕೆಲಸ. ಊರಿಂದ ಊರಿಗೆ ದರ ಬೇರೆಯಾದರೂ ಸಾಮಾನ್ಯವಾಗಿ ನೂರು, ಇನ್ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಪ್ರಿಂಟ್ ಕೈಗೆ ಬರುತ್ತದೆ.

ತೊಂದರೆ ಇರುವುದು ಅವರ ಅಭ್ಯಾಸದಲ್ಲಿ. ನಮ್ಮ ಸ್ಟುಡಿಯೋಗಳು ಎಷ್ಟೋ ವರ್ಷದಿಂದ ತೆಗೆದದ್ದು ಹಾಲ್ ಟಿಕೆಟ್ಟಿನ ಫೋಟೋ, ರೇಷನ್ ಕಾರ್ಡಿನ ಫೋಟೋ, ಮದುವೆಗೆ ತೋರಿಸುವ ಫೋಟೋ. ಅಲ್ಲಿ ಚೆನ್ನಾಗಿ ಕಾಣಿಸುವುದೇ ಕೆಲಸ. ನಮ್ಮ ಅತ್ತೆಯ ವೀಸಾ ಫೋಟೋ ತೆಗೆಸುವಾಗ ನಾನು ಕಂಪ್ಯೂಟರ್ ಮುಂದೆ ಕೂತ ಹುಡುಗನ ಬೆನ್ನ ಹಿಂದೆ ನಿಂತಿದ್ದೆ. ಫೋಟೋಶಾಪ್‌ನಲ್ಲಿ ಮುಖ ದೊಡ್ಡದು ಮಾಡಿದ. ಮೌಸ್ ಎರಡು ಸಲ ಟಕ್ ಟಕ್ ಅಂತು, ಕೆನ್ನೆಯ ಮೇಲಿನ ಮಚ್ಚೆ ಮಾಯ. ಇನ್ನೆರಡು ಸಲ, ಕಣ್ಣಿನ ಕೆಳಗಿನ ಕಪ್ಪು ಮಾಯ. ಆಮೇಲೆ ಒಂದು ಗೆರೆ ಹಿಡಿದು ಮೇಲೆ ಎಳೆದ, ಅತ್ತೆ ಎರಡು ಪಟ್ಟು ಬೆಳ್ಳಗಾದರು. “ಈಗ ನೋಡಿ ಅಮ್ಮ, ಹತ್ತು ವರ್ಷ ಕಮ್ಮಿ ಆಯ್ತು” ಅಂದ. ಅತ್ತೆಗೆ ಖುಷಿಯೋ ಖುಷಿ. ಆದರೆ ಪಾಸ್‌ಪೋರ್ಟಿನ ಫೋಟೋದಲ್ಲಿ ಮಚ್ಚೆ ಇದೆ, ಮುಖದ ಮೇಲೂ ಇದೆ. “ಮಚ್ಚೆ ವಾಪಸ್ ಹಾಕಪ್ಪ” ಅಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಮಾಡಿದ್ದನ್ನೆಲ್ಲ ಅಳಿಸಿ ಮೊದಲಿಗೆ ತಂದ. ಅತ್ತೆ ಮನೆವರೆಗೆ ಮಾತಾಡಲಿಲ್ಲ.

ಹಾಗಾಗಿ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ: “ಟಚಪ್ ಏನೂ ಬೇಡ, ಹೇಗಿದೆಯೋ ಹಾಗೇ ಇರಲಿ.” ಇನ್ನೊಂದು ಮಾತು. ಬರೀ “ವೀಸಾ ಫೋಟೋ” ಅಂದರೆ ಎಷ್ಟೋ ಕಡೆ 35×45 ತೆಗೆದು ಕೈಗೆ ಕೊಡುತ್ತಾರೆ. ದೇಶದ ಹೆಸರು, ಕಾಗದದ ಅಳತೆ, ತಲೆಯ ಅಳತೆ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ. ಚೀನಾದ 33×48 ಕೇಳಿದರೆ ಕೆಲವರು “ಎರಡು ಮಿಲಿಮೀಟರ್ ವ್ಯತ್ಯಾಸಕ್ಕೆ ಏನಾಗುತ್ತೆ ಸಾರ್” ಅನ್ನುತ್ತಾರೆ. ಆಗುತ್ತೆ. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಲ್ಲೇ ಗಲ್ಲದಿಂದ ನೆತ್ತಿಗೆ ಅಳೆಯಿರಿ. ಸರಿ ಇಲ್ಲದಿದ್ದರೆ ಅವರೇ ಅಲ್ಲೇ ಇನ್ನೊಂದು ಪ್ರಿಂಟ್ ತೆಗೆದು ಕೊಡುತ್ತಾರೆ. ಮನೆಗೆ ಬಂದ ಮೇಲೆ ಅಳೆದರೆ ಮತ್ತೆ ಹೋಗಬೇಕು.

ಫೈಲ್ ಕೇಳಿದಾಗ “ವಾಟ್ಸಾಪ್ ಮಾಡ್ತೀನಿ” ಅನ್ನುತ್ತಾರೆ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಮೇಲ್ ಮಾಡಿಸಿಕೊಳ್ಳಿ.

ಮನೆಯಲ್ಲೇ, ಮೊಬೈಲಿನಲ್ಲಿ

ಫೈಲ್ ಮಾತ್ರ ಬೇಕಿದ್ದವರಿಗೆ, ಮಗು ಇರುವ ಮನೆಗೆ, ತಾಳ್ಮೆ ಇದ್ದವರಿಗೆ ಇದು ಒಳ್ಳೆಯ ದಾರಿ. ಈಗಿನ ಯಾವುದೇ ಸಾಧಾರಣ ಫೋನಿನ ಕ್ಯಾಮೆರಾ 1200 ಪಿಕ್ಸೆಲ್‌ಗಿಂತ ಎಷ್ಟೋ ದೊಡ್ಡ ಚಿತ್ರ ತೆಗೆಯುತ್ತದೆ. ಕ್ಯಾಮೆರಾ ಸಾಲದು ಅನ್ನುವ ಪ್ರಶ್ನೆಯೇ ಇಲ್ಲ. ತೆಗೆಯುವ ರೀತಿಯಲ್ಲೇ ಎಲ್ಲ ಇರೋದು.

ಸೆಲ್ಫಿ ಬೇಡ. ಕೈಯಳತೆ ದೂರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಹೋಗುತ್ತವೆ. ಹಿಂದಿನ ಕ್ಯಾಮೆರಾದಲ್ಲಿ, ನಾಲ್ಕೈದು ಅಡಿ ದೂರದಿಂದ, ನಿಮ್ಮ ಕಣ್ಣಿನ ಎತ್ತರಕ್ಕೇ ಫೋನ್ ಹಿಡಿದು ಇನ್ನೊಬ್ಬರು ತೆಗೆಯಲಿ. ಬ್ಯೂಟಿ ಮೋಡ್ ಆಫ್ ಮಾಡಿ, ಕೆಲವು ಫೋನುಗಳಲ್ಲಿ ಅದು ತಾನಾಗೇ ಆನ್ ಇರುತ್ತದೆ. ಪೋರ್ಟ್ರೇಟ್ ಮೋಡ್ ಕೂಡ ಬೇಡ, ಅದು ಕಿವಿಯ ಅಂಚು, ಹಾರುವ ಕೂದಲು ಎಲ್ಲವನ್ನೂ ಮಬ್ಬು ಮಾಡುತ್ತದೆ.

ಬೆಳಕಿಗೆ ಬೆಳಗಿನ ಕಿಟಕಿ ಸಾಕು. ಮುಖ ಕಿಟಕಿಯ ಕಡೆಗೆ ಇರಲಿ. ಕಿಟಕಿ ಪಕ್ಕಕ್ಕೆ ಬಂದರೆ ಅರ್ಧ ಮುಖ ಕಪ್ಪಾಗುತ್ತದೆ. ಬಿಳಿ ಗೋಡೆಗೆ ಅಂಟಿಕೊಂಡು ನಿಲ್ಲಬೇಡಿ, ಎರಡು ಮೂರು ಅಡಿ ಮುಂದೆ ಬನ್ನಿ. ಆಗ ನೆರಳು ಗೋಡೆಯ ಮೇಲೆ ಬೀಳದೆ ಕೆಳಗೆ ಹೋಗುತ್ತದೆ. ಗೋಡೆ ಹಸಿರೋ ಗುಲಾಬಿಯೋ ಆಗಿದ್ದರೆ ಬಿಳಿ ಬೆಡ್‌ಶೀಟ್ ಕಟ್ಟಬಹುದು, ಆದರೆ ಇಸ್ತ್ರಿ ಮಾಡಿದ್ದು, ಎಳೆದು ಕಟ್ಟಿದ್ದು. ಸುಕ್ಕು ಫೋಟೋದಲ್ಲಿ ಬೂದು ಗೆರೆಯಾಗಿ ಬರುತ್ತದೆ.

ಇಲ್ಲೇ ಜನ ಆ್ಯಪ್‌ಗೆ ಜಾರುತ್ತಾರೆ. ಹಿಂದಿನ ಗೋಡೆ ಅಳಿಸಿ ಬಿಳಿ ಮಾಡುವ ಆ್ಯಪ್‌ಗಳು ಬೇಕಾದಷ್ಟಿವೆ. ನಾನು ಅವನ್ನು ನಂಬುವುದಿಲ್ಲ. ಗುಂಗುರು ಕೂದಲಿನ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮಾಡುತ್ತವೆ, ಜುಮುಕಿಯ ಅರ್ಧ ಭಾಗ ನುಂಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಅಮೆರಿಕದವರು ಫೋಟೋವನ್ನು ಕಂಪ್ಯೂಟರಿನಲ್ಲಿ ಬದಲಾಯಿಸಬಾರದು ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಕತ್ತರಿಸುವುದು, ಫೈಲಿನ ತೂಕ ಇಳಿಸುವುದು ಸರಿ. ಅದಕ್ಕೆ ಮಾತ್ರ ಆ್ಯಪ್ ಬಳಸಿ.

ಫೈಲ್ ಸರಿಯಾಗಿದೆಯಾ ಅಂತ ನೋಡಲು ಡಿಎಸ್-160 ಶುರುವಾಗುವ ಪುಟದಲ್ಲೇ ‘ಟೆಸ್ಟ್ ಫೋಟೋ’ ಅನ್ನುವ ಬಟನ್ ಇದೆ. ಅರ್ಜಿ ತುಂಬುವುದಕ್ಕೂ ಮೊದಲೇ ಅಲ್ಲಿ ಹಾಕಿ ನೋಡಬಹುದು, ದುಡ್ಡಿಲ್ಲ. ಅದು ಒಪ್ಪಿತು ಅಂದರೆ ಎಲ್ಲ ಮುಗಿಯಿತು ಅಂತಲ್ಲ, ಕೊನೆಯ ಮಾತು ಅಧಿಕಾರಿಯದೇ. ಆದರೆ ಅಳತೆ, ತೂಕದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಮನೆಯಲ್ಲಿ ತೆಗೆದದ್ದನ್ನು ಮುದ್ರಿಸಲು ಹೊರಟಾಗ ಕಥೆ ಬೇರೆ. 4×6 ಇಂಚಿನ ಕಾಗದದಲ್ಲಿ 2×2ರ ಆರು ಫೋಟೋ ಕರಾರುವಾಕ್ಕಾಗಿ ಹಿಡಿಯುತ್ತವೆ, 35×45ರದ್ದಾದರೆ ಎಂಟು. ಸ್ಟುಡಿಯೋದವರು ಎಂಟು ಕಾಪಿ ಕೊಡುವುದು ಇದೇ ಲೆಕ್ಕದಲ್ಲಿ. ಹಾಗೆ ಜೋಡಿಸಿ ಪ್ರಿಂಟ್ ಹಾಕಿಸಿದರೆ ತುಂಬಾ ಅಗ್ಗ. ಆದರೆ ಬಾರ್ಡರ್ ಇಲ್ಲದೆ ಮುದ್ರಿಸುವ ಮಷೀನು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತದೆ. ಮನೆಯ ಪ್ರಿಂಟರಿನಲ್ಲಿ ‘ಫಿಟ್ ಟು ಪೇಜ್’ ಆನ್ ಇದ್ದರೆ ಅಳತೆ ಇನ್ನೂ ಕೆಡುತ್ತದೆ. 35 ಇದ್ದದ್ದು 37 ಆಗಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಇಲ್ಲೂ ಸ್ಕೇಲೇ ಗತಿ. ಕಾಗದದ ಫೋಟೋ ಬೇಕಿದ್ದರೆ ನೇರ ಸ್ಟುಡಿಯೋಗೆ ಹೋಗಿ ಅನ್ನುವುದು ಇದಕ್ಕೇ.

ಮಕ್ಕಳ ವಿಷಯದಲ್ಲಿ ಮಾತ್ರ ಮನೆಗೇ ನನ್ನ ವೋಟು. ಕೈಕೂಸನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ ಮೇಲಿನಿಂದ ತೆಗೆಯಿರಿ. ನಿಮ್ಮ ನೆರಳು ಮಗುವಿನ ಮೇಲೆ ಬೀಳದಿರಲಿ. ಹಿಡಿದುಕೊಂಡವರ ಕೈ, ನಿಪ್ಪಲ್, ಗಿಲಕಿ ಯಾವುದೂ ಫೋಟೋದಲ್ಲಿ ಬರಬಾರದು, ಕಣ್ಣು ತೆರೆದಿರಬೇಕು. ಸ್ಟುಡಿಯೋದ ಫ್ಲಾಶಿಗೆ ಬೆಚ್ಚಿ ಅಳುವ ಮಗುವನ್ನು ಸಮಾಧಾನ ಮಾಡುವುದಕ್ಕಿಂತ, ಹಾಲು ಕುಡಿದು ಖುಷಿಯಾಗಿರುವ ಹೊತ್ತಿಗೆ ಮನೆಯಲ್ಲೇ ಐವತ್ತು ಸಲ ಕ್ಲಿಕ್ಕಿಸುವುದು ಸುಲಭ. ಆ ಫೈಲನ್ನು ಸ್ಟುಡಿಯೋಗೆ ಒಯ್ದು ಅಳತೆಗೆ ಪ್ರಿಂಟ್ ಹಾಕಿಸಿದರಾಯಿತು.

ಹತ್ತು ನಿಮಿಷದಲ್ಲಿ ಮನೆಗೆ ಬರುವ ಫೋಟೋ

ದೊಡ್ಡ ಊರುಗಳಲ್ಲಿ ದಿನಸಿ ತಂದುಕೊಡುವ ಕೆಲವು ಆ್ಯಪ್‌ಗಳು ಈಗ ಪಾಸ್‌ಪೋರ್ಟ್ ಸೈಜ್ ಫೋಟೋವನ್ನೂ ಮುದ್ರಿಸಿ ತಂದುಕೊಡುತ್ತವೆ. ನೀವು ಏರಿಸಿದ ಚಿತ್ರದ ಹಿನ್ನೆಲೆ ಬದಲಿಸಿ ಅವರೇ ಕತ್ತರಿಸುತ್ತಾರೆ. ಕಾಲೇಜಿನ ಫಾರ್ಮಿಗೆ, ಸಿಮ್ ಕಾರ್ಡಿಗೆ ಬಹಳ ಅನುಕೂಲ. ವೀಸಾಕ್ಕೆ? ತಲೆಯ ಅಳತೆ ನಿಮ್ಮ ಕೈಯಲ್ಲಿ ಇಲ್ಲ, ಹಿನ್ನೆಲೆ ಅಳಿಸಿದ್ದು ಬೇರೆ. ನಾನು ಬಳಸುವುದಿಲ್ಲ.

ವೀಸಾ ಸೆಂಟರಿನ ಬೂತ್

ಅರ್ಜಿ ತೆಗೆದುಕೊಳ್ಳುವ ಅನೇಕ ಸೆಂಟರುಗಳಲ್ಲಿ ಒಂದು ಮೂಲೆಯಲ್ಲಿ ಫೋಟೋ ಸೇವೆ ಇರುತ್ತದೆ. ಸ್ಟುಡಿಯೋಗಿಂತ ದುಬಾರಿ. ಮುಖ ಚೆನ್ನಾಗಿ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಆದರೆ ಒಂದು ದೊಡ್ಡ ಅನುಕೂಲ: ಅದೇ ಕೌಂಟರಿಗೆ ಕೊಡುವ ಫೋಟೋ ಅದು, ಅಲ್ಲಿ ಯಾವ ಅಳತೆ ನಡೆಯುತ್ತದೆ ಅಂತ ತೆಗೆಯುವವರಿಗೆ ಗೊತ್ತಿರುತ್ತದೆ.

ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದವರಿಗೆ ಇದು ವಿಮೆಯಿದ್ದಂತೆ. ತಂದ ಫೋಟೋ ಒಪ್ಪದಿದ್ದರೆ ಹೊರಗೆ ಆಟೋ ಹಿಡಿದು ಸ್ಟುಡಿಯೋ ಹುಡುಕುತ್ತಾ, ಅಪಾಯಿಂಟ್‌ಮೆಂಟ್ ತಪ್ಪಿಸಿಕೊಳ್ಳುವುದಕ್ಕಿಂತ ನಾಲ್ಕು ಕಾಸು ಜಾಸ್ತಿ ಕೊಡುವುದು ಲೇಸು. ಆದರೆ ಅದನ್ನೇ ಮೊದಲ ಆಯ್ಕೆ ಮಾಡಿಕೊಳ್ಳಬೇಡಿ. ಒಂದು, ಅಮೆರಿಕ, ಕೆನಡಾದಂತೆ ಮೊದಲೇ ಫೈಲ್ ಏರಿಸಬೇಕಾದ ಕಡೆ ಅದು ಉಪಯೋಗಕ್ಕೇ ಬರುವುದಿಲ್ಲ. ಎರಡು, ರಾತ್ರಿಯೆಲ್ಲ ಬಸ್ಸಿನಲ್ಲಿ ನಿದ್ದೆಗೆಟ್ಟ ಕಣ್ಣಿನ ಫೋಟೋ ಪಾಸ್‌ಪೋರ್ಟಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಮೂರು, ಎಲ್ಲ ಸೆಂಟರಿನಲ್ಲೂ ಈ ಸೇವೆ ಇರುವುದಿಲ್ಲ. ಅಪಾಯಿಂಟ್‌ಮೆಂಟ್ ಬುಕ್ ಮಾಡುವಾಗಲೇ ಹೆಚ್ಚುವರಿ ಸೇವೆಗಳ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಳ್ಳಿ.

ಹೊರದೇಶದಲ್ಲಿ ಇರುವವರಿಗೂ ಒಂದು ಮಾತು. ಅಮೆರಿಕದಲ್ಲಿ ಕೆಲಸ ಮಾಡುತ್ತಾ ಯುರೋಪಿಗೆ ಹೊರಟ ನಮ್ಮವರು ಮೆಡಿಕಲ್ ಸ್ಟೋರಿನಲ್ಲಿ ಫೋಟೋ ತೆಗೆಸುತ್ತಾರೆ. ಅಲ್ಲಿ ‘ಪಾಸ್‌ಪೋರ್ಟ್ ಫೋಟೋ’ ಅಂದರೆ 2×2 ಇಂಚು, ಷೆಂಗೆನ್‌ಗೆ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ ಇದರ ಉಲ್ಟಾ. ರೈಲ್ವೆ ಸ್ಟೇಷನ್ನಿನ ಬೂತು ಕೊಡುವುದು 35×45. ಕಾಗದದ ಅಳತೆ ಷೆಂಗೆನ್‌ಗೆ ಸರಿ, ಅಮೆರಿಕಕ್ಕೆ ಅಲ್ಲ.

ಎಲ್ಲೇ ತೆಗೆಸಿದರೂ

ಬಿಳಿ ಶರ್ಟು, ಬಿಳಿ ಚೂಡಿದಾರ ಬೇಡ. ಬಿಳಿ ಹಿನ್ನೆಲೆಯಲ್ಲಿ ಭುಜ ಕರಗಿ ತಲೆ ಮಾತ್ರ ತೇಲುತ್ತಿರುವಂತೆ ಕಾಣುತ್ತದೆ. ಗಾಢ ಬಣ್ಣದ್ದು ಹಾಕಿ. ನೀಲಿ ಪರದೆ ಇರುವ ಸ್ಟುಡಿಯೋದಲ್ಲಿ ಬಿಳಿ ಪರದೆ ಇಳಿಸಲು ಹೇಳಿ. ಅಮೆರಿಕಕ್ಕೆ ಬಿಳಿ ಅಥವಾ ಸ್ವಲ್ಪ ಮಾಸಲು ಬಿಳಿ, ಷೆಂಗೆನ್‌ಗೆ ತೆಳು ಬಣ್ಣ. ಷೆಂಗೆನ್‌ನಲ್ಲಿ ಯಾವ ದೇಶಕ್ಕೆ ಹೋಗುತ್ತೀರೋ ಆ ದೇಶದ ಚೆಕ್‌ಲಿಸ್ಟ್ ಒಮ್ಮೆ ನೋಡಿ.

ಕನ್ನಡಕ ತೆಗೆಯಿರಿ. ಅಮೆರಿಕ 2016ರ ನವೆಂಬರ್ 1ರಿಂದ ವೀಸಾ ಫೋಟೋದಲ್ಲಿ ಕನ್ನಡಕ ಒಪ್ಪುವುದಿಲ್ಲ. ಬೇರೆ ದೇಶಗಳಲ್ಲಿ ಗಾಜು ಹೊಳೆಯದಿದ್ದರೆ ನಡೆಯಬಹುದು, ಆದರೆ ಆ ತಲೆನೋವು ಯಾಕೆ? ಕನ್ನಡಕ ಹಾಕುವವರ ಮೂಗಿನ ಮೇಲೆ ಒತ್ತಿದ ಗುರುತು ಇರುತ್ತದೆ, ಫೋಟೋಗೆ ಹತ್ತು ನಿಮಿಷ ಮೊದಲೇ ತೆಗೆದಿಟ್ಟರೆ ಮಾಸುತ್ತದೆ.

ಕುಂಕುಮ, ಮೂಗುಬೊಟ್ಟು, ಕಿವಿಯೋಲೆ ಮುಖವನ್ನು ಮುಚ್ಚದಿದ್ದರೆ ಸಾಕು. ದಿನಾ ಇಡುವವರು ಹಾಗೇ ಇಟ್ಟುಕೊಳ್ಳಿ. ಹರಳಿನ ಬಿಂದಿ, ಹರಳಿನ ಮೂಗುಬೊಟ್ಟು ಮಾತ್ರ ಫ್ಲಾಶಿಗೆ ಬಿಳಿ ಚುಕ್ಕೆಯಾಗುತ್ತವೆ, ಸಾದಾದ್ದು ಹಾಕಿ. ಧರ್ಮದ ಕಾರಣಕ್ಕೆ ತಲೆ ಮುಚ್ಚುವವರು ಮುಚ್ಚಬಹುದು, ಗಲ್ಲದಿಂದ ಹಣೆಯವರೆಗೆ ಮುಖ ಕಾಣಬೇಕು, ಬಟ್ಟೆಯ ನೆರಳು ಮುಖಕ್ಕೆ ಬೀಳಬಾರದು. ಬಾಯಿ ಮುಚ್ಚಿ, ನೇರ ನೋಡಿ.

ಹಾಗಾದರೆ ಯಾರಿಗೆ ಯಾವುದು

ಒಬ್ಬರೇ, ಬ್ರಿಟನ್ನಿಗೆ: ಹೆಚ್ಚಿನವರಿಗೆ ಏನೂ ಬೇಡ, ಸೆಂಟರಿಗೆ ತಲೆ ಬಾಚಿಕೊಂಡು ಹೋಗಿ ಅಷ್ಟೇ. ಅಮೆರಿಕಕ್ಕೆ, ಮನೆಯಲ್ಲಿ ಬಿಳಿ ಗೋಡೆ, ಒಳ್ಳೆ ಬೆಳಕು ಇದೆ: ಮೊಬೈಲು, ಆಮೇಲೆ ಟೆಸ್ಟ್ ಫೋಟೋ. ಬೆಳಕು ಸರಿ ಇಲ್ಲ ಅಥವಾ ಎರಡು ಪ್ರಯತ್ನದಲ್ಲಿ ಆಗಲಿಲ್ಲ: ಸ್ಟುಡಿಯೋ, ಫೈಲ್ ಕೇಳಿ ತನ್ನಿ. ಷೆಂಗೆನ್‌ಗೆ, ಚೀನಾಕ್ಕೆ: ಯೋಚನೆ ಮಾಡದೆ ಸ್ಟುಡಿಯೋ, ಚೀಟಿ ಮತ್ತು ಸ್ಕೇಲಿನ ಜೊತೆ. ನಡೆಯಲು ಕಷ್ಟ ಇರುವ ಹಿರಿಯರಿಗೆ: ಫೋಟೋ ಮನೆಯಲ್ಲಿ, ಪ್ರಿಂಟು ಸ್ಟುಡಿಯೋದಲ್ಲಿ.

ನಾಲ್ವರ ಕುಟುಂಬ, ಈ ಬೇಸಿಗೆಗೆ ಪ್ಯಾರಿಸ್, ದೀಪಾವಳಿಗೆ ಮಗಳ ಮನೆ ನ್ಯೂಜೆರ್ಸಿ ಅಂದುಕೊಂಡಿದ್ದೀರಾ? ಎರಡು ಅರ್ಜಿಗಳ ನಡುವೆ 6 ತಿಂಗಳಿಗಿಂತ ಕಡಿಮೆ ಅಂತರ ಇದ್ದರೆ ಒಂದೇ ದಿನ ನಾಲ್ವರೂ ಸ್ಟುಡಿಯೋಗೆ ಹೋಗಿ, ಕನ್ನಡಕ ಇಲ್ಲದೆ, ಅಗಲವಾಗಿ ತೆಗೆಸಿ. 35×45 ಪ್ರಿಂಟು ಅಲ್ಲೇ ಪಡೆಯಿರಿ, ಮೂಲ ಫೈಲುಗಳನ್ನು ಪೆನ್ ಡ್ರೈವಿಗೆ ಹಾಕಿಸಿಕೊಳ್ಳಿ. ಅಮೆರಿಕದ ಅರ್ಜಿಗೆ ಅದನ್ನೇ ಚೌಕವಾಗಿ ಕತ್ತರಿಸಿ 240 ಕೆಬಿಗೆ ಇಳಿಸಿದರೆ ಆಯಿತು. ಫೈಲಿನ ಹೆಸರಿನಲ್ಲೇ ತೆಗೆಸಿದ ತಾರೀಖು ಬರೆದಿಡಿ. ನಾಲ್ಕು ತಿಂಗಳ ಮೇಲೆ ಯಾರಿಗೂ ಅದು ನೆನಪಿರುವುದಿಲ್ಲ.